ಹಳೇ ಮನೆ ಉಳಿಸೋದಾ, ಕೆಡವೋದಾ? ಮೂರು ಮನೆ ಇಟ್ಟುಕೊಂಡು ಒಂದು ಹೋಲಿಕೆ

ಮೇಸ್ತ್ರಿ ಬರುತ್ತಾರೆ. ಪಡಸಾಲೆಯ ಗೋಡೆಗೆ ಬೆರಳಲ್ಲಿ ಕುಟ್ಟುತ್ತಾರೆ. ಒಂದಿಷ್ಟು ಮಣ್ಣು ಉದುರುತ್ತದೆ. "ಇದ್ರಲ್ಲಿ ಏನೂ ಉಳಿದಿಲ್ಲ ಸಾರ್, ಬೀಳಿಸಿ ಹೊಸದು ಕಟ್ಟಿ" ಅನ್ನುತ್ತಾರೆ. ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ, ಯಾರೋ ಒಬ್ಬರು ಚದರಕ್ಕೆ ಎಷ್ಟಾಗುತ್ತೆ ಅಂತ ಕೇಳುತ್ತಾರೆ, ಅಲ್ಲಿಗೆ ನೂರು ವರ್ಷದ ಮನೆಯ ತೀರ್ಮಾನ ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಆಮೇಲೆ ಹತ್ತಿರದವರ ಇನ್ನೆರಡು ಮನೆಗಳ ವಿಷಯದಲ್ಲಿ ನಾನು ಜೊತೆಗಿದ್ದೆ. ಮೂರಕ್ಕೂ ಮೂರು ಬೇರೆ ಬೇರೆ ಉತ್ತರ ಬಂತು. ಅದಕ್ಕೇ ಈ ಹೋಲಿಕೆ ಬರೆಯುತ್ತಿದ್ದೇನೆ. ಈಗ ಯಾರ ಮನೆಯಲ್ಲಿ ಈ ಮಾತು ನಡೆಯುತ್ತಿದೆಯೋ ಅವರಿಗೆ ಉಪಯೋಗಕ್ಕೆ ಬರಲಿ.

ಒಂದನೆಯದು ನಮ್ಮದೇ, ಹಾಸನ ಜಿಲ್ಲೆಯ ಹಳ್ಳಿಯ ತೊಟ್ಟಿ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ತೊಟ್ಟಿಯ ಸುತ್ತ ಹಲಸಿನ ಕಂಬಗಳು, ಮೇಲೆ ಮಂಗಳೂರು ಹೆಂಚು. ಎರಡನೆಯದು ಚಿಕ್ಕಮ್ಮನದು, ಮೈಸೂರಿನ ಒಂದು ಹಳೇ ಅಗ್ರಹಾರದಲ್ಲಿತ್ತು. ಇಟ್ಟಿಗೆ ಮತ್ತು ಗಾರೆಯ (ಸುಣ್ಣದ ಕಲಸು) ಗೋಡೆ, ಮದ್ರಾಸ್ ತಾರಸಿ, ಪಕ್ಕದ ಮನೆಗೂ ಇದಕ್ಕೂ ನಡುವೆ ಒಂದೇ ಗೋಡೆ. ಮೂರನೆಯದು ಸ್ನೇಹಿತನದು. ತೀರ್ಥಹಳ್ಳಿ ಕಡೆ ಅಡಿಕೆ ತೋಟದ ನಡುವೆ ಇದ್ದ ಚೌಕಿ ಮನೆ, 12 ವರ್ಷ ಬೀಗ ಹಾಕಿಯೇ ಇತ್ತು.

ನಮ್ಮದು ಅರ್ಧ ಉಳಿಯಿತು, ಅರ್ಧ ಹೊಸದಾಯಿತು. ಚಿಕ್ಕಮ್ಮನದನ್ನು ಕೆಡವಿದೆವು. ಕೆಡವಿದ್ದೇ ಸರಿ ಅಂತ ಇವತ್ತಿಗೂ ಹೇಳುತ್ತೇನೆ. ಸ್ನೇಹಿತನದನ್ನು ಬಿಚ್ಚಿದೆವು. ಕೆಡವೋದು ಬೇರೆ, ಬಿಚ್ಚೋದು ಬೇರೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಕಾಯಿಲೆ ಏನು ಅಂತ ನೋಡಿ

ಮನೆ ಹಳೆಯದಾಗಿದೆ ಅನ್ನೋದು ಕಾಯಿಲೆ ಅಲ್ಲ. ಮಣ್ಣಿನ ಗೋಡೆಗೆ, ಗಾರೆ ಗೋಡೆಗೆ ವಯಸ್ಸಾಗಿ ಸಾವು ಬರುವುದಿಲ್ಲ. ಅವನ್ನು ಕೊಲ್ಲುವುದು ನೀರು. ಮೇಲಿಂದ ಸೋರುವ ನೀರು, ಕೆಳಗಿಂದ ಏರುವ ತೇವ. ಇವೆರಡನ್ನು ಬಿಟ್ಟರೆ ಗೆದ್ದಲು. ಅದೂ ತೇವ ಇದ್ದ ಕಡೆಗೇ ಜಾಸ್ತಿ ಬರುತ್ತದೆ.

ನಮ್ಮ ಮನೆಯಲ್ಲಿ ಆಗಿದ್ದು ಇದು. ತೊಂಬತ್ತರ ದಶಕದಲ್ಲಿ ಮನೆ ಗಟ್ಟಿಯಾಗಲಿ ಅಂತ ದೊಡ್ಡಪ್ಪ ಸೊಂಟದೆತ್ತರಕ್ಕೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಒಳ್ಳೇ ಮನಸ್ಸಿನಿಂದಲೇ ಮಾಡಿಸಿದ್ದು. ಆದರೆ ಮಣ್ಣಿನ ಗೋಡೆ ನೆಲದಿಂದ ಒಂದಿಷ್ಟು ತೇವ ಎಳೆದುಕೊಳ್ಳುತ್ತದೆ, ಸುಣ್ಣದ ಗಿಲಾವಿದ್ದರೆ ಅದು ಅಲ್ಲಲ್ಲೇ ಆರಿಹೋಗುತ್ತದೆ. ಸಿಮೆಂಟ್ ಹಾಕಿದರೆ ಆರಲು ದಾರಿ ಇಲ್ಲ. ಹಾಗಾಗಿ ತೇವ ಗೋಡೆಯೊಳಗೇ ಮೇಲಕ್ಕೆ ಏರಿ, ಸಿಮೆಂಟ್ ಮುಗಿದ ಕಡೆ ಹೊರಗೆ ಬರುತ್ತದೆ. ನಮ್ಮ ಗೋಡೆ ಉದುರುತ್ತಿದ್ದದ್ದೂ ಸರಿಯಾಗಿ ಆ ಗೆರೆಯ ಮೇಲೇ. ಮೇಸ್ತ್ರಿ ಕುಟ್ಟಿ ತೋರಿಸಿದ ಜಾಗವೂ ಅದೇ.

ಮಾರ್ಚ್ ತಿಂಗಳಲ್ಲಿ ಉಳಿ ಹಿಡಿದು ಒಂದು ಚಕ್ಕೆ ಕಿತ್ತೆವು. ಒಳಗಿನ ಮಣ್ಣು ಒದ್ದೆ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು, ಹೊಸದಾಗಿ ಅಗೆದ ಬಾವಿಯ ವಾಸನೆ. ಮಳೆ ನಿಂತು ನಾಲ್ಕು ತಿಂಗಳಾಗಿತ್ತು, ಹೊರಗೆ ಬಿಸಿಲು ಸುಡುತ್ತಿತ್ತು, ಗೋಡೆಯ ಹೊಟ್ಟೆಯಲ್ಲಿ ಮಾತ್ರ ಇನ್ನೂ ಹೋದ ಮಳೆಗಾಲದ ನೀರು. ಆ ಬೇಸಿಗೆ ಪೂರ್ತಿ ಸಿಮೆಂಟನ್ನೆಲ್ಲ ಕಿತ್ತು ಗೋಡೆಯನ್ನು ಸುಮ್ನೆ ಬಿಟ್ಟೆವು. ಮೇ ಕೊನೆಗೆ ಅದೇ ಗೋಡೆಗೆ ಮೊಳೆ ಹೊಡೆಯಲು ಕಷ್ಟವಾಗುತ್ತಿತ್ತು.

ಇಷ್ಟನ್ನು ನೋಡದೆ ಬೀಳಿಸಿದ್ದರೆ? ನಾನು ಕಂಡ ಹಾಗೆ "ಮನೆ ಹೋಯ್ತು" ಅನ್ನಿಸಿಕೊಂಡ ಬಹಳಷ್ಟು ಮನೆಗಳಿಗೆ ಆಗಿರುವುದು ಇಷ್ಟೇ: ಸಿಮೆಂಟ್ ಗಿಲಾವು, ಒಡೆದ ಹೆಂಚು, ಕಟ್ಟಿಕೊಂಡ ಚರಂಡಿ. ಇವು ರಿಪೇರಿ ಆಗುವ ಕಾಯಿಲೆಗಳು.

ಇನ್ನು ಮರ. ತೊಲೆಯನ್ನು ನಡುವಲ್ಲಿ ನೋಡಿ ಚೆನ್ನಾಗಿದೆ ಅನ್ನಬೇಡಿ. ತೊಲೆ ಗೋಡೆಯೊಳಗೆ ಹೋಗುತ್ತದಲ್ಲ, ಆ ತುದಿಯನ್ನು ನೋಡಬೇಕು. ಕೊಳೆಯುವುದು ಅಲ್ಲೇ. ಒಂದು ಸ್ಕ್ರೂಡ್ರೈವರ್ ತಗೊಂಡು ಒತ್ತಿ. ಎರಡು ಮೂರು ಮಿಲಿಮೀಟರಿಗೆ ನಿಂತರೆ ಮರ ಜೀವಂತ ಇದೆ, ಬೆಣ್ಣೆಗೆ ಹೋದ ಹಾಗೆ ಹೋದರೆ ತುದಿ ಸತ್ತಿದೆ. ತುದಿ ಸತ್ತಿದ್ದರೂ ಇಡೀ ತೊಲೆ ಸತ್ತಿದೆ ಅಂತಲ್ಲ. ಅಷ್ಟನ್ನು ಕತ್ತರಿಸಿ ಹೊಸ ಮರ ಜೋಡಿಸುವ ಬಡಗಿಗಳು ಈಗಲೂ ಸಿಗುತ್ತಾರೆ. ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಹಿಡಿದಿದೆಯಾ ಅಂತ ನೋಡಲು ಬೆಳಗ್ಗೆ ಎದ್ದು ಕಂಬದ ಬುಡ ನೋಡಿ, ಸಣ್ಣ ಹಿಟ್ಟು ಬಿದ್ದಿರುತ್ತದೆ. ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದರು, ಸೌದೆ ಒಲೆ ಹೋಗಿ ಗ್ಯಾಸ್ ಬಂದಮೇಲೆ ಅಡುಗೆಮನೆಯ ಜಂತೆಗೆ ಕುಟ್ಟೆ ಬಂತು ಅಂತ. ಹೊಗೆ ಕುಡಿದ ಮರಕ್ಕೆ ಹುಳ ಬೀಳುವುದು ಕಮ್ಮಿ. ಹಳೇ ಅಡುಗೆಮನೆಯ ಕರಿ ಹಿಡಿದ ಜಂತೆಗಳನ್ನು ಕೊಳಕು ಅಂತ ಕೆರೆದು ಪಾಲಿಶ್ ಹಾಕುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಬಿರುಕಿಗೆ ಹೆದರುವವರು ಜಾಸ್ತಿ, ಅದನ್ನು ಕೂತು ಓದುವವರು ಕಮ್ಮಿ. ಗಿಲಾವಿನ ಮೇಲೆ ಬಲೆಯ ಹಾಗೆ ಇರುವ ಸಣ್ಣ ಬಿರುಕು ಏನೂ ಅಲ್ಲ. ಬಾಗಿಲ ಮೇಲಿನ ಮೂಲೆಯಿಂದ ಓರೆಯಾಗಿ ಹೋಗಿದ್ದರೆ ಗಮನಿಸಬೇಕು. ಎರಡು ಗೋಡೆ ಸೇರುವ ಮೂಲೆಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟು, ಮೇಲೆ ಹೋದಂತೆಲ್ಲ ಅಗಲವಾಗುತ್ತಿದ್ದರೆ, ಗೋಡೆ ಹೊರಗೆ ವಾಲುತ್ತಿದೆ ಅಂತ ಅರ್ಥ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಅಡ್ಡಕ್ಕೆ ಒಂದು ತೆಳು ಗಾಜಿನ ಚೂರು ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಓಡಾಡುತ್ತಿದೆ, ಒಡೆಯದಿದ್ದರೆ ಅದು ಎಂದೋ ಬಿಟ್ಟು ಸುಮ್ಮನಾದ ಬಿರುಕು. ಆದರೆ ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ನೋಡಿ. ಎರೆ ಮಣ್ಣಿನ ಸೀಮೆಯಲ್ಲಿ ನೆಲವೇ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಬಿರುಕು ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ಅದನ್ನು ನೋಡಿದವರಿಗೆ ಮನೆ ನಾಳೆಯೇ ಬೀಳುತ್ತೆ ಅನ್ನಿಸುತ್ತದೆ.

ಗೋಡೆ ಹೊಟ್ಟೆ ಬಿಟ್ಟಿದ್ದರೆ ಮಾತ್ರ ತಡ ಮಾಡಬೇಡಿ. ತೂಗುಗುಂಡು ಬಿಟ್ಟು ನೋಡಿ, ಹಳೇ ಕಟ್ಟಡಗಳ ಕೆಲಸ ಮಾಡಿದ ಎಂಜಿನಿಯರನ್ನು ಕರೆಸಿ. ಬರೀ ಕಾಂಕ್ರೀಟ್ ಕಟ್ಟಡ ನೋಡಿದವರು ಬೇಡ. ಅವರು ಕಂಬ, ಬೀಮು ಹುಡುಕುತ್ತಾರೆ, ಕಾಣದಿದ್ದರೆ ಮನೆ ಅಪಾಯ ಅಂತ ಬರೆದುಕೊಡುತ್ತಾರೆ. ಗೋಡೆಯೇ ಭಾರ ಹೊರುವ ಮನೆಗೆ ಬೇರೆ ಕಣ್ಣು ಬೇಕು.

ಈಗ ಚಿಕ್ಕಮ್ಮನ ಮನೆ. ಅಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಮದ್ರಾಸ್ ತಾರಸಿ ಅಂದರೆ ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕಟ್ಟಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹಾಕಿ ದಿನಗಟ್ಟಲೆ ಬಡಿದು ಕೂರಿಸುವ ಕೆಲಸ. ಹಾಗೇ ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಸೋರಿದಾಗಲೆಲ್ಲ ಮೇಲೆ ಒಂದೊಂದು ಪದರ ಸಿಮೆಂಟ್ ಹಾಕಿಸುತ್ತಾ ಹೋಗಿ, ಕೊನೆಗೆ ಮೂರು ಪದರದ ಭಾರ ಆ ಜಂತೆಗಳ ಮೇಲೆ ಕೂತಿತ್ತು. ಎಂಟು ಜಂತೆಗಳಲ್ಲಿ ಐದರ ತುದಿ ಹೋಗಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಮೂರು ಮಹಡಿ ಕಟ್ಟಲು ಆಳದ ಪಾಯ ತೋಡಿದರು. ಇಬ್ಬರಿಗೂ ಸೇರಿದ್ದ ಗೋಡೆಯ ಬುಡವೇ ಕುಸಿಯಿತು. ಹಾಕಿದ ಗಾಜು 11 ದಿನಕ್ಕೆ ಒಡೆಯಿತು, ಮತ್ತೊಂದು ಹಾಕಿದೆವು, ಅದೂ ಒಡೆಯಿತು. ಮಾಡೂ (ಛಾವಣಿ) ಹೋಗಿ, ಗೋಡೆಯೂ ಹೋಗಿ, ಪಾಯವೂ ಹೋದಮೇಲೆ ಉಳಿಸುವುದು ಅಂದರೆ ಮನೆಯ ಹಾಗೇ ಕಾಣುವ ಇನ್ನೊಂದು ಮನೆ ಕಟ್ಟುವುದು. ಒಳಗೆ ವಯಸ್ಸಾದ ಚಿಕ್ಕಮ್ಮ ಮಲಗುತ್ತಿದ್ದರು. ಜೀವಕ್ಕಿಂತ ಗೋಡೆ ದೊಡ್ಡದಲ್ಲ.

ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವ ಹೋಯಿತು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಬಿತ್ತು. ಆಮೇಲೆ ಉಳಿಸಬೇಕಾ, ಕೆಡವಿ ಅದೇ ಥರ ಕಟ್ಟಬೇಕಾ ಅಂತ ವರ್ಷಗಟ್ಟಲೆ ವಾದ ನಡೆಯಿತು, ತಜ್ಞರಲ್ಲೇ ಎರಡು ಮಾತು ಬಂತು. ಎರಡೂ ಕಟ್ಟಡ ಉಳಿಯಲಿ ಅನ್ನೋ ಕಡೆಗೇ ನನ್ನ ಮನಸ್ಸು. ಆದರೆ ಇದನ್ನು ನೋಡಿ ನಾನು ಕಲಿತದ್ದು ಬೇರೆ. ತೀರ್ಮಾನ ತಗೊಳ್ಳದೆ ಕೂತಷ್ಟೂ ದಿನ ಮಳೆ ತನ್ನ ತೀರ್ಮಾನ ತಗೊಳ್ಳುತ್ತಲೇ ಇರುತ್ತದೆ. ಉಳಿಸೋದೋ ಕೆಡವೋದೋ ಗೊತ್ತಾಗುವವರೆಗೆ ಕೊನೇ ಪಕ್ಷ ಮಾಡಿನ ಮೇಲೆ ಒಂದು ಟಾರ್ಪಾಲ್ ಹಾಕಿ.

ದುಡ್ಡಿನ ಲೆಕ್ಕ

ಎಲ್ಲರೂ ಹೇಳುವ ಮಾತು, "ರಿಪೇರಿ ಮಾಡಿಸೋ ದುಡ್ಡಲ್ಲಿ ಹೊಸದೇ ಆಗುತ್ತೆ". ಈ ಹೋಲಿಕೆ ಬಹಳ ಸಲ ಸರಿ ಇರುವುದಿಲ್ಲ. ರಿಪೇರಿ ಲೆಕ್ಕ ಹಾಕುವಾಗ ಇಡೀ ಹಳೇ ಮನೆಯನ್ನು ಹಿಡಿಯುತ್ತಾರೆ, ಕೊಟ್ಟಿಗೆ, ಅಟ್ಟ, ಬಚ್ಚಲು ಎಲ್ಲ ಸೇರಿಸಿ. ಹೊಸದಕ್ಕೆ ಎರಡು ರೂಮು ಒಂದು ಹಾಲು ಹಿಡಿಯುತ್ತಾರೆ. ಅಷ್ಟೇ ಜಾಗ ಹೊಸದಾಗಿ ಕಟ್ಟಿದರೆ ಎಷ್ಟು ಅಂತ ಕೇಳಿ, ಆಗ ಲೆಕ್ಕ ಬದಲಾಗುತ್ತದೆ.

ಹೊಸದರ ಲೆಕ್ಕದಲ್ಲಿ ಕಾಣದ ಖರ್ಚುಗಳೂ ಇವೆ. ಕೆಡವುವ ಕೂಲಿ, ಮಣ್ಣು ಕಲ್ಲು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ, ಪ್ಲ್ಯಾನ್ ಮಂಜೂರಾತಿ, ಅಷ್ಟು ದಿನ ಬಾಡಿಗೆ ಮನೆ. ಊರೊಳಗಿನ ಸೈಟಾದರೆ ಇನ್ನೊಂದಿದೆ. ಹಳೇ ಮನೆಗಳು ಸೈಟಿನ ಅಂಚಿನಿಂದ ಅಂಚಿನವರೆಗೆ ಕೂತಿರುತ್ತವೆ. ಹೊಸದಕ್ಕೆ ಸೈಟಿನ ಅಳತೆಗೆ ತಕ್ಕಂತೆ ಸೆಟ್‌ಬ್ಯಾಕ್, ಅಂದರೆ ಅಂಚಿನಲ್ಲಿ ಖಾಲಿ ಜಾಗ, ಬಿಡಬೇಕು, ಚಿಕ್ಕಮ್ಮನ ಮನೆ ಕೆಡವಿದಮೇಲೆ ಕೆಳಗಿನ ನೆಲದಲ್ಲೇ ಒಂದು ರೂಮಿನಷ್ಟು ಜಾಗ ಹೋಯಿತು. ಇದು ಮೊದಲೇ ಗೊತ್ತಿದ್ದರೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಉಳಿಸುವ ಕಡೆಯ ಖರ್ಚನ್ನೂ ಮುಚ್ಚಿಡಬಾರದು. ಗಾರೆ ಕೆಲಸ ನಿಧಾನ. ಸುಣ್ಣವನ್ನು ನೀರಲ್ಲಿ ಕಲಸಿ ಎರಡು ವಾರವಾದರೂ ಕೊಳೆಯಲು ಬಿಡಬೇಕು, ಜಾಸ್ತಿ ಬಿಟ್ಟಷ್ಟೂ ಒಳ್ಳೇದು. ನಮ್ಮಲ್ಲಿ ಬೆಲ್ಲ ಮತ್ತು ಅಳಲೆಕಾಯಿ ನೀರು ಸೇರಿಸಿ ಕಲಸಿದರು. ಬಳಿದ ಮೇಲೆ ಸಿಮೆಂಟಿನ ಹಾಗೆ ಮರುದಿನ ಕಲ್ಲಾಗುವುದಿಲ್ಲ, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಕೂಲಿ ಜಾಸ್ತಿ, ಕೆಲಸ ಗೊತ್ತಿರುವ ಕೈ ಕಮ್ಮಿ. ನಮಗೆ ಸಿಕ್ಕವರಿಗೆ ಎಪ್ಪತ್ತು ದಾಟಿತ್ತು, ಜೊತೆಗೆ ಕಲಿಯುವವರು ಯಾರೂ ಇರಲಿಲ್ಲ.

ಬ್ಯಾಂಕಿನ ಸಾಲ ಬೇಕಿದ್ದರೆ ಹೊಸ ಮನೆಗೆ ಸಲೀಸು. ಹಳೇ ಮಣ್ಣಿನ ಮನೆಗೆ ಅವರು ಕಟ್ಟುವ ಬೆಲೆ ತೀರಾ ಕಮ್ಮಿ. ಕೈಯಲ್ಲಿ ದುಡ್ಡಿಲ್ಲದವರು ಹಂತ ಹಂತವಾಗಿ ಮಾಡಬಹುದು: ಮೊದಲ ವರ್ಷ ಮಾಡು, ಎರಡನೇ ವರ್ಷ ಚರಂಡಿ ಮತ್ತು ಗೋಡೆ, ಆಮೇಲೆ ನೆಲ. ಹೊಸ ಮನೆಯನ್ನು ಹೀಗೆ ಕಂತಿನಲ್ಲಿ ಕಟ್ಟಿ ಅದರಲ್ಲೇ ವಾಸ ಮಾಡೋಕಾಗಲ್ಲ, ಹಳೇದನ್ನು ಮಾಡಬಹುದು. ಹೆಂಚಿನ ಲೆಕ್ಕ ಸುಲಭ. ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಬೇಕು. ಹಳೇ ಹೆಂಚನ್ನು ಎಸೆಯಬೇಡಿ, ಬೆರಳಲ್ಲಿ ತಟ್ಟಿದಾಗ ಟಣ್ ಅಂದರೆ ಅದು ಇನ್ನೂ ಬಾಳುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅವರ ಮುದ್ರೆ ಇರುವ ಹೆಂಚುಗಳು ಇವತ್ತಿಗೂ ಎಷ್ಟೋ ಮನೆಗಳ ಮೇಲೆ ಮಳೆ ತಡೆಯುತ್ತಿವೆ.

ವಾಸಕ್ಕೆ ಯಾವುದು ಸುಖ ಅಂತ ಕೇಳಿದರೆ, ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ ಮಣ್ಣಿನ ಗೋಡೆಯ ಮನೆಯೊಳಗೆ ಬನ್ನಿ, ಆಮೇಲೆ ಆರ್‌ಸಿಸಿ ಮನೆಯ ಮೇಲಿನ ಮಹಡಿಗೆ ಹೋಗಿ. ಬೇರೆ ಹೇಳಬೇಕಿಲ್ಲ. ಆದರೆ ಹಳೇ ಮನೆಯ ಬಚ್ಚಲು, ಅಡುಗೆಮನೆ, ರಾತ್ರಿ ಎದ್ದು ಹಿತ್ತಲಿಗೆ ಹೋಗಬೇಕಾದ ಕಷ್ಟ, ಇದನ್ನೆಲ್ಲ ವಯಸ್ಸಾದವರು ಯಾಕೆ ಸಹಿಸಬೇಕು? ಮನೆ ಕೆಡವಲು ಹಠ ಹಿಡಿಯುವವರು ಬಹಳ ಸಲ ಮನೆಯ ಹೆಂಗಸರು, ಅವರ ಮಾತಿನಲ್ಲಿ ಸತ್ಯ ಇದೆ. ಕತ್ತಲ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬಗ್ಗಿ ನಿಂತವರಿಗೆ ಪರಂಪರೆಯ ಪಾಠ ಹೇಳಬಾರದು. ನಮ್ಮ ಮನೆಯಲ್ಲಿ ಅತ್ತಿಗೆ ಕೇಳಿದ್ದು ಮೂರೇ: ಬೆಳಕಿರುವ ಅಡುಗೆಮನೆ, ಒಳಗೇ ಬಚ್ಚಲು, ಕೋತಿ ಬರದ ಹಾಗೆ ಮುಚ್ಚಿದ ತೊಟ್ಟಿ. ಅದಕ್ಕೇ ಹಿಂಭಾಗವನ್ನು ಪೂರ್ತಿ ಕೆಡವಿ ಹೊಸದು ಕಟ್ಟಿದೆವು, ತೊಟ್ಟಿಯ ಮೇಲೆ ಕಬ್ಬಿಣದ ಜಾಲರಿ ಹಾಕಿಸಿದೆವು. ಮುಂಭಾಗ, ಜಗಲಿ, ಪಡಸಾಲೆ, ಕಂಬಗಳು ಉಳಿದವು. ಇಂಥ ಅರ್ಧಂಬರ್ಧ ದಾರಿಯನ್ನು ಶುದ್ಧ ಸಂರಕ್ಷಣೆ ಮಾತಾಡುವವರು ಒಪ್ಪಲಿಕ್ಕಿಲ್ಲ. ನನಗೆ ಅದೇ ಬಹಳ ಮನೆಗಳಿಗೆ ಸರಿಯಾದ ದಾರಿ ಅನ್ನಿಸುತ್ತದೆ.

ಕಾನೂನು ಏನು ಹೇಳುತ್ತದೆ

ಹಳೇ ಮನೆ ಅಂದ ಮಾತ್ರಕ್ಕೆ ಸರ್ಕಾರ ಬಂದು ಕಾಪಾಡುತ್ತದೆ, ಇಲ್ಲಾ ಕಿತ್ತುಕೊಳ್ಳುತ್ತದೆ ಅನ್ನೋ ಎರಡು ನಂಬಿಕೆಯೂ ತಪ್ಪು. ಸ್ಮಾರಕಗಳಿಗೆ 1958ರ ಕೇಂದ್ರದ ಕಾಯ್ದೆ, 1961ರ ನಮ್ಮ ರಾಜ್ಯದ ಕಾಯ್ದೆ ಇವೆ. ನಮ್ಮ ನಿಮ್ಮ ಮನೆಗಳು ಸಾಮಾನ್ಯವಾಗಿ ಅವುಗಳ ಪಟ್ಟಿಯಲ್ಲಿ ಇರುವುದಿಲ್ಲ. ಮೈಸೂರಿನಂಥ ಊರಿನಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿಯೂ ಸಮಿತಿಯೂ ಇವೆ, ನಿಮ್ಮದು ಅದರಲ್ಲಿದೆಯಾ ಅಂತ ಮೊದಲು ವಿಚಾರಿಸಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. ಕೇಂದ್ರದ ರಕ್ಷಣೆ ಇರುವ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿಯಿಂದ ಇದು ಕಾಯ್ದೆಯಲ್ಲೇ ಇದೆ. 100 ಮೀಟರ್ ಒಳಗೆ 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಯನ್ನು ಅನುಮತಿ ಪಡೆದು ರಿಪೇರಿ ಮಾಡಿಸಬಹುದು, ನವೀಕರಿಸಬಹುದು. ಕೆಡವಿಬಿಟ್ಟರೆ ಆ ಜಾಗದಲ್ಲಿ ಹೊಸದು ಕಟ್ಟಲು ಅನುಮತಿ ಸಿಗುವುದಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ, ಶ್ರೀರಂಗಪಟ್ಟಣ, ಬಾದಾಮಿ ಕಡೆ ದೇವಸ್ಥಾನದ, ಕೋಟೆಯ ಮಗ್ಗುಲಲ್ಲೇ ಮನೆ ಇರುವವರು ಜೆಸಿಬಿ ಕರೆಸುವ ಮುಂಚೆ ದಯವಿಟ್ಟು ಇದನ್ನು ವಿಚಾರಿಸಿ. ಕೆಡವಿ, ಪಾಯದ ಪೂಜೆ ಮಾಡಿಸಿ, ಆಮೇಲೆ ನೋಟಿಸ್ ಬಂದು ಖಾಲಿ ಸೈಟ್ ನೋಡಿಕೊಂಡು ಕೂತ ಒಂದು ಕುಟುಂಬವನ್ನು ನಾನು ಬಲ್ಲೆ.

ಪಾಲಿನ ವಿಷಯ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಉಳಿಸುವುದಾದರೂ ಕೆಡವುವುದಾದರೂ ಎಲ್ಲರ ಒಪ್ಪಿಗೆ ಬರಹದಲ್ಲಿರಲಿ. ಪಾಲಿಗಾಗಿ ತೊಟ್ಟಿಯ ನಡುವೆ ಗೋಡೆ ಎಬ್ಬಿಸಿದ ಮನೆಗಳನ್ನು ನೋಡಿದ್ದೇನೆ. ಎರಡೂ ಕಡೆಗೆ ಬೆಳಕಿಲ್ಲ, ಗಾಳಿಯಿಲ್ಲ, ಮಳೆನೀರು ಹೋಗುವ ದಾರಿ ಕಟ್ಟಿ ಗೋಡೆಯ ಬುಡ ನೆನೆಯುತ್ತದೆ. ಹಾಗೆ ಹಂಚಿಕೊಳ್ಳುವುದಕ್ಕಿಂತ ಒಬ್ಬರು ಮನೆ ಇಟ್ಟುಕೊಂಡು ಉಳಿದವರಿಗೆ ಜಮೀನಲ್ಲೋ ದುಡ್ಡಲ್ಲೋ ಸರಿದೂಗಿಸುವುದು ಮನೆಗೂ ಒಳ್ಳೇದು, ಸಂಬಂಧಕ್ಕೂ ಒಳ್ಳೇದು.

ಉಳಿಸುವಷ್ಟು ಮನೆಯಾ ಅದು?

ವಯಸ್ಸೊಂದೇ ಸಾಲದು. 120 ವರ್ಷದ ಸಾಧಾರಣ ಮನೆ ಇರಬಹುದು, 60 ವರ್ಷದ ಅಪರೂಪದ ಮನೆ ಇರಬಹುದು. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಇದ್ದ ಮನೆ ಅಷ್ಟೇನೂ ಹಳೆಯದಲ್ಲ. 2011ರಲ್ಲಿ ಅದನ್ನು ಕೆಡವಲು ಶುರುವೂ ಮಾಡಿದ್ದರು, ಜನ ದನಿ ಎತ್ತಿದಮೇಲೆ ನಿಂತಿತು. ಈಗ ಅದು ಮ್ಯೂಸಿಯಂ. ಬರೆಯುತ್ತಾ ಕೂರುತ್ತಿದ್ದ ಆ ಕೋಣೆಗೆ ಹೋಗಿ ಸುತ್ತಲ ಕಿಟಕಿಗಳ ಬೆಳಕಿನಲ್ಲಿ ಐದು ನಿಮಿಷ ನಿಂತರೆ ಯಾಕೆ ಉಳಿಸಿದರು ಅಂತ ತಿಳಿಯುತ್ತದೆ. ಕುಪ್ಪಳಿಯ ಕವಿಮನೆಯೂ ಹಾಗೇ, ಕುವೆಂಪು ಬೆಳೆದ ಮನೆ ಅನ್ನೋದರ ಜೊತೆಗೆ, ಮಲೆನಾಡಿನ ದೊಡ್ಡ ಮನೆ ಹೇಗಿತ್ತು ಅನ್ನೋದನ್ನು ಮಕ್ಕಳಿಗೆ ಕೈಹಿಡಿದು ತೋರಿಸಲು ಉಳಿದಿರುವ ಜಾಗ ಅದು. ಬೆಂಗಳೂರಿನ ಅಠಾರಾ ಕಚೇರಿಯನ್ನೇ (ಹೈಕೋರ್ಟ್ ಕಟ್ಟಡ) 1980ರ ದಶಕದಲ್ಲಿ ಕೆಡವುವ ಮಾತು ಬಂದಿತ್ತು. ಇವತ್ತು ಕಬ್ಬನ್ ಪಾರ್ಕಿನ ಅಂಚಿನಲ್ಲಿ ಆ ಕೆಂಪು ಕಟ್ಟಡ ಇಲ್ಲ ಅಂತ ಊಹಿಸಿಕೊಳ್ಳೋಕಾಗುತ್ತಾ?

ಹೆಸರಾದವರು ಯಾರೂ ಇರದಿದ್ದ ಮನೆಗೆ ನಾನು ಕೇಳಿಕೊಳ್ಳುವುದು ಎರಡು. ಈ ಮನೆಯಲ್ಲಿರುವ ಕೈಕೆಲಸವನ್ನು ಇವತ್ತು ಮತ್ತೆ ಮಾಡಿಸೋಕಾಗುತ್ತಾ? ಬೋದಿಗೆಯ (ಕಂಬದ ತಲೆಯ ಮೇಲೆ ಕೂರುವ ಮರ) ಕೆತ್ತನೆ, ಒಂದೇ ಮರದ ಕಂಬ, ಕನ್ನಡಿ ಥರ ಹೊಳೆಯುವ ಗಾರೆ ನೆಲ. ಇನ್ನೊಂದು, ಇದು ಸಾಲಿನಲ್ಲಿರುವ ಮನೆಯಾ? ಅಗ್ರಹಾರದಲ್ಲೋ ರಥಬೀದಿಯಲ್ಲೋ ಹತ್ತು ಮನೆಗಳ ಜಗಲಿ ಒಂದೇ ಎತ್ತರದಲ್ಲಿದ್ದು ನಡುವೆ ಒಂದನ್ನು ಕಿತ್ತರೆ, ಉಳಿದ ಒಂಬತ್ತೂ ಬಡವಾಗುತ್ತವೆ. ಚಿಕ್ಕಮ್ಮನ ಬೀದಿಯಲ್ಲಿ ಆಗಲೇ ಏಳು ಮನೆ ಹೋಗಿದ್ದವು. ಸಾಲು ಉಳಿದಿದ್ದರೆ ನಾನು ಇನ್ನೂ ಸ್ವಲ್ಪ ಹಠ ಮಾಡುತ್ತಿದ್ದೆನೇನೋ.

ಮಳೆಗೆ ಮುಂಚೆ ಮಾಡು ಹತ್ತುವವರು ಯಾರು?

ಗೋಡೆ, ದುಡ್ಡು, ಕಾನೂನು ಎಲ್ಲ ಸರಿ ಇದ್ದೂ ಸಾಯುವ ಮನೆಗಳಿವೆ. ಸ್ನೇಹಿತನ ಚೌಕಿ ಮನೆ ಹಾಗೇ ಸತ್ತದ್ದು. ಅಲ್ಲಿ ಕಾಯಿಲೆ ಏನೂ ಇರಲಿಲ್ಲ. ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಅಂತ ಹೋದರು. ಒಂದು ವರ್ಷ ಗಾಳಿಗೆ ನಾಲ್ಕು ಹೆಂಚು ಸರಿದವು. ಅದನ್ನು ಸರಿ ಮಾಡಲು ಅರ್ಧ ಗಂಟೆ ಸಾಕಿತ್ತು, ಮಾಡುವವರು ಇರಲಿಲ್ಲ. ಮಲೆನಾಡಿನ ಮಳೆ ಆ ನಾಲ್ಕು ಹೆಂಚಿನ ಜಾಗದಲ್ಲಿ ಇಳಿದು ರೀಪು (ಹೆಂಚು ಕೂರುವ ಮರದ ಪಟ್ಟಿ) ಕೊಳೆಯಿತು, ರೀಪು ಹೋದಮೇಲೆ ಹೆಂಚಿನ ಸಾಲು ಜಾರಿತು, ಆಮೇಲೆ ಗೋಡೆಯ ತಲೆ ನೆನೆಯಿತು. 12 ವರ್ಷ ಆದಮೇಲೆ ನಾವು ಬೀಗ ತೆಗೆದಾಗ ಚೌಕಿಯಲ್ಲಿ ಮೊಣಕಾಲೆತ್ತರ ಗಿಡ ಬೆಳೆದಿತ್ತು, ಪಶ್ಚಿಮದ ಗೋಡೆ ಮಣ್ಣಿನ ದಿಬ್ಬ ಆಗಿತ್ತು, ಒಣಗಿದ ಕಡೆ ನಿಂತಿದ್ದ ಕಂಬಗಳು ಮಾತ್ರ ಕಲ್ಲಿನ ಹಾಗಿದ್ದವು.

ಅದಕ್ಕೇ ಯಾರು ಕೇಳಿದರೂ ನಾನು ಮೊದಲು ಕೇಳುವ ಪ್ರಶ್ನೆ ಇದೇ. ಪ್ರತಿ ವರ್ಷ ಮೇ ತಿಂಗಳಲ್ಲಿ ಮಾಡು ಹತ್ತಿ, ಒಡೆದ ಹೆಂಚು ಬದಲಿಸಿ, ಮೂಲೆಯ ತಗಡಿನ ದೋಣಿಯಲ್ಲಿ ಕೂತ ಎಲೆ ತೆಗೆಯುವವರು ಯಾರು? ಹೆಸರು ಹೇಳಿ. "ಯಾರಾದರೂ ಮಾಡ್ತಾರೆ" ಅನ್ನೋ ಉತ್ತರ ಬಂದರೆ ಮನೆಗೆ ಲಕ್ಷಗಟ್ಟಲೆ ಸುರಿದು ರಿಪೇರಿ ಮಾಡಿಸಬೇಡಿ, ಹತ್ತು ವರ್ಷಕ್ಕೆ ಮತ್ತೆ ಅಲ್ಲಿಗೇ ಬರುತ್ತದೆ. ಒಬ್ಬರ ಹೆಸರು ಸಿಕ್ಕರೆ, ಗೋಡೆ ಅರ್ಧ ಬಿದ್ದಿದ್ದರೂ ಧೈರ್ಯವಾಗಿ ಉಳಿಸಿ. ಊರಲ್ಲಿ ಇರುವ ಅಣ್ಣನಿಗೆ ಹೊರಗಿರುವವರು ವರ್ಷಕ್ಕಿಷ್ಟು ಅಂತ ಕಳಿಸುವ ಏರ್ಪಾಡಾದರೂ ಸರಿ, ಬಾಡಿಗೆಗೆ ಒಂದು ಸಂಸಾರವನ್ನು ಇಟ್ಟರೂ ಸರಿ, ಶಾಲೆಗೋ ಹೋಂಸ್ಟೇಗೋ ಕೊಟ್ಟರೂ ಸರಿ. ಮನೆಯೊಳಗೆ ದೀಪ ಹಚ್ಚುವವರು ಬೇಕು. ನಮ್ಮ ಮನೆ ಉಳಿದದ್ದು ಅಣ್ಣ ಅತ್ತಿಗೆ ಅಲ್ಲೇ ಇದ್ದರು ಅಂತ, ನನ್ನ ಪ್ರೀತಿಯಿಂದ ಅಲ್ಲ. ನಾನು ವರ್ಷಕ್ಕೆ ನಾಲ್ಕು ಸಲ ಹೋಗುವವನು.

ಕೆಡವಲೇಬೇಕಾದರೆ, ಬಿಚ್ಚಿ

ಜೆಸಿಬಿ ಒಂದು ದಿನದಲ್ಲಿ ಮುಗಿಸುತ್ತದೆ, ಜೊತೆಗೆ ಎಲ್ಲವನ್ನೂ ಮುರಿಯುತ್ತದೆ. ಸ್ನೇಹಿತನ ಮನೆಗೆ ನಾವು 23 ದಿನ ತಗೊಂಡೆವು. ಕಟ್ಟಿದ್ದರ ಉಲ್ಟಾ ಕ್ರಮ: ಮೊದಲು ಹೆಂಚು, ಆಮೇಲೆ ರೀಪು, ಪಕಾಸಿ (ರೀಪು ಹೊರುವ ಇಳಿಜಾರು ಮರ), ತೊಲೆ, ಕೊನೆಗೆ ಬೋದಿಗೆ ಮತ್ತು ಕಂಬ. ಬಿಚ್ಚುವ ಮುಂಚೆ ಪ್ರತಿ ಮರದ ಮೇಲೂ ಬಣ್ಣದಲ್ಲಿ ನಂಬರ್ ಬರೆದು, ಅದೇ ನಂಬರನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡೆವು. ನಕ್ಷೆ ಅಂದರೆ ದೊಡ್ಡದೇನಲ್ಲ, ಟೇಪು ಹಿಡಿದು ಅಳೆದು ಚೌಕುಳಿ ಹಾಳೆಯಲ್ಲಿ ಬರೆದದ್ದು. ಮರಕ್ಕೆ ಮರ ಸೇರುವ ಕಡೆ ಮೊಳೆ ಇರಲಿಲ್ಲ, ಮರದ ಗೂಟ ಬಡಿದು ತೆಗೆದರೆ ಬಿಟ್ಟುಕೊಂಡವು.

ಹೀಗೆ ಬಿಚ್ಚಿ ಜೋಡಿಸಿದ್ದನ್ನು ನೋಡಬೇಕಿದ್ದರೆ ಮಣಿಪಾಲದ ಹಸ್ತ ಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿ. ವಿಜಯನಾಥ ಶೆಣೈ ಅವರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ, ಕೆಡವಲು ಹೊರಟಿದ್ದ ಮನೆಗಳನ್ನು ಒಂದೊಂದಾಗಿ ಬಿಚ್ಚಿಸಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರು ಚೌಕಿ ಮನೆ, ಮಿಯಾರು ಮನೆ, ಮುಧೋಳ ಅರಮನೆಯ ದರ್ಬಾರ್ ಹಾಲ್ ಎಲ್ಲ ಅಲ್ಲಿವೆ. ಚೆನ್ನೈ ಹತ್ತಿರದ ದಕ್ಷಿಣಚಿತ್ರ ಮ್ಯೂಸಿಯಂನಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆ, ಚಿಕ್ಕಮಗಳೂರಿನ ಮನೆ ಇವೆ. ಮನೆ ತನ್ನ ಊರು ಬಿಟ್ಟು ಬಂದರೆ ಅರ್ಧ ಜೀವ ಹೋಗುತ್ತದೆ, ನಿಜ. ಆದರೂ ಸೌದೆ ಆಗುವುದಕ್ಕಿಂತ ಅದು ಎಷ್ಟೋ ಮೇಲು.

ಮರ ಮಾರುವುದಾದರೆ ಮೊದಲು ಬಂದವರಿಗೆ ಕೊಡಬೇಡಿ, ಕಂಬ ಬಾಗಿಲುಗಳಿಗೆ ಎರಡು ಮೂರು ಕಡೆ ಬೆಲೆ ಕೇಳಿ. ತೇಗ, ಬೀಟೆ ಸಾಗಿಸುವ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಚಿಕ್ಕಮ್ಮನ ಮನೆಯಲ್ಲಿ ನಾವು ಈ ತಪ್ಪು ಮಾಡಿದೆವು. ಅವಸರದಲ್ಲಿ ಮುಂಬಾಗಿಲನ್ನು ಸೌದೆ ರೇಟಿಗಿಂತ ಸ್ವಲ್ಪ ಮೇಲೆ ಕೊಟ್ಟೆವು. ಆ ಬಾಗಿಲ ಚಿತ್ರ ಕೂಡ ನಮ್ಮ ಹತ್ತಿರ ಸರಿಯಾಗಿಲ್ಲ. ಕೆಡವುವ ವಾರ ಮುಂಚೆ ಪ್ರತಿ ಕೋಣೆಯ ನಾಲ್ಕೂ ಮೂಲೆಯಿಂದ ಫೋಟೋ ತೆಗೆದಿಡಿ, ಮನೆಯ ಹಿರಿಯರನ್ನು ಕರೆದುಕೊಂಡು ಓಡಾಡಿ ಯಾವ ಕೋಣೆಯನ್ನು ಏನಂತ ಕರೆಯುತ್ತಿದ್ದರು ಅಂತ ಬರೆದುಕೊಳ್ಳಿ.

ಮಣ್ಣನ್ನೂ ಎಸೆಯಬೇಡಿ. ಟ್ರ್ಯಾಕ್ಟರಿನವರು ತಗ್ಗು ತುಂಬಲು ಕೇಳುತ್ತಾರೆ, ಕೊಡಬೇಡಿ. ಹಳೇ ಗೋಡೆಯ ಮಣ್ಣು ಒಂದು ಸಲ ಹದ ಮಾಡಿದ ಮಣ್ಣು. ಜರಡಿ ಹಿಡಿದು, ನೀರು ಹಾಕಿ, ಒಂದಿಷ್ಟು ಹೊಟ್ಟು ಸೇರಿಸಿ ತುಳಿದು ನಾಲ್ಕು ದಿನ ಬಿಟ್ಟರೆ ಮತ್ತೆ ಗೋಡೆಗೆ ಬರುತ್ತದೆ. ನಮ್ಮ ಮನೆಯ ಹಿಂಭಾಗ ಕೆಡವಿದಾಗ ಬಂದ ಮಣ್ಣನ್ನು ಹಿತ್ತಲಲ್ಲಿ ರಾಶಿ ಹಾಕಿ ಮೇಲೆ ತೆಂಗಿನ ಗರಿ ಮುಚ್ಚಿದ್ದೆವು, ಪಡಸಾಲೆಯ ಉದುರಿದ ಗೋಡೆಯನ್ನು ಆ ಮಣ್ಣಿನಲ್ಲೇ ತುಂಬಿದ್ದು.